ನೀರಿಗೆ ಬಂದ ಮಿಗ

ಏಪ್ರಿಲ್ ಹೊತ್ತಿಗೆ ಬೋರನಕಣಿವೆ ಜಲಾಶಯದ ನೀರು ಹಿಂದಕ್ಕೆ ಸರಿಯುತ್ತದೆ. ಬಿಟ್ಟುಹೋದ ಗೋಡು ಒಣಗಿ ಬಿರಿಯುವ ಮುಂಚೆ ಒಂದೆರಡು ವಾರ ಮೆತ್ತಗಿರುತ್ತದಲ್ಲ, ಆಗ ಹೊತ್ತು ಮೂಡುವುದರೊಳಗೆ ಅಲ್ಲಿ ಅಡ್ಡಾಡಬೇಕು. ರಾತ್ರಿ ಯಾರು ಯಾರು ನೀರಿಗೆ ಬಂದಿದ್ದರೆಂಬ ಹಾಜರಿ ಕೆಸರಿನಲ್ಲಿ ಬಿದ್ದಿರುತ್ತದೆ. ಎಮ್ಮೆಯ ಅಗಲ ಗೊರಸು, ಕುರಿಮಂದೆ ತುಳಿದ ಕಲಸುಮೇಲೋಗರ, ಹಂದಿ ಮೂತಿ ಹಾಕಿ ಎಬ್ಬಿಸಿದ ಗುಂಡಿ. ಇವೆಲ್ಲದರಿಂದ ದೂರಕ್ಕೆ, ಎರಡು ಬೆರಳು ಜೋಡಿಸಿ ಒತ್ತಿದ ಹಾಗೆ ಒಂದು ಚೂಪು ಹೆಜ್ಜೆ.

‘ಮಿಗದ್ದು’ ಅಂದರು ಆಡು ಮೇಯಿಸುತ್ತಿದ್ದ ತಾತ. ‘ಒಂದೇ ಬಂದದೆ. ನಿಂತ್ ನಿಂತ್ ಬಂದದೆ ನೋಡು.’ ನಿಂತ ಕಡೆ ಹೆಜ್ಜೆ ಆಳವಾಗಿತ್ತು. ನಾಲ್ಕು ಮಾರಿಗೊಂದು ಸಲ ನಿಂತು ಕಿವಿಗೊಟ್ಟಿರಬೇಕು. ಹಿಂದಕ್ಕೆ ಹೋದ ಹೆಜ್ಜೆಗಳು ಮಾತ್ರ ಎಲ್ಲೂ ನಿಂತಿರಲಿಲ್ಲ.

ತಾತನ ಅಣ್ಣ ಒಂದು ಕಾಲದ ಷಿಕಾರಿಯಂತೆ, ಕೇಪಿನ ಕೋವಿ ಇತ್ತಂತೆ. ‘ನೀರಿಗ್ ಬಂದಿದ್ದುಕ್ಕೆ ಈಡು ಮಾಡಬಾರ್ದು ಅಂತ ನಮ್ಮಪ್ಪ ಹೇಳೋನು ಕಣಪ್ಪ’ ಅಂದರು.

‘ಮಾಡ್ತಿರಲಿಲ್ವಾ ತಾತ?’

‘ಮಾಡ್ತಿದ್ರು.’

ಬೇಟೆಯಲ್ಲಿ ನ್ಯಾಯ ಅನ್ಯಾಯದ ಬಗ್ಗೆ ಜಗತ್ತು ಬರೆದಿಟ್ಟಿರುವುದೆಲ್ಲ ಈ ಎರಡು ಮಾತಿನ ನಡುವೆಯೇ ಇದೆ. ಮಾಡಬಾರದು ಅನ್ನುವವರು ಎಲ್ಲ ಕಾಲದಲ್ಲೂ ಇದ್ದರು, ಮಾಡುವವರೂ ಇದ್ದರು. ಬಹಳ ಸಲ ಇಬ್ಬರೂ ಒಬ್ಬರೇ ಆಗಿದ್ದರು.

ಇಂಗ್ಲಿಷಿನವರು ಇದನ್ನು ‘ಫೇರ್ ಚೇಸ್’ ಅನ್ನುತ್ತಾರೆ. ಆ ಹೆಸರು ಊರಿದ್ದು ಅಮೆರಿಕದಲ್ಲಿ. ಮುಂದೆ ಅಲ್ಲಿನ ಅಧ್ಯಕ್ಷನಾದ ಥಿಯೊಡರ್ ರೂಸ್‌ವೆಲ್ಟ್ 1887ರಲ್ಲಿ ಗೆಳೆಯರೊಡನೆ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು, ಯಾವುದು ಬೇಟೆ ಯಾವುದು ಅಲ್ಲ ಎಂದು ಪಟ್ಟಿ ಮಾಡಿತು. ರಾತ್ರಿ ಬೆಂಕಿಯ ಬೆಳಕು ಹಿಡಿದು ಕಣ್ಣು ಕುಕ್ಕಿಸಿ ಹೊಡೆಯುವುದು ಬೇಟೆಯಲ್ಲ. ಆಳದ ಹಿಮದಲ್ಲಿ ಕಾಲು ಹೂತು ಓಡಲಾರದೆ ನಿಂತ ಜಿಂಕೆಯನ್ನು ಹೊಡೆಯುವುದು ಬೇಟೆಯಲ್ಲ. ಹೊಳೆಯಲ್ಲಿ ಈಜುತ್ತಿರುವುದನ್ನು ದೋಣಿಯಿಂದ ಹೊಡೆಯುವುದೂ ಅಲ್ಲ. ಹಿಮವನ್ನೂ ದೋಣಿಯನ್ನೂ ಪಕ್ಕಕ್ಕಿಟ್ಟರೆ ಒಳಗಿನ ತಿರುಳು ನಮಗೂ ಗೊತ್ತಿರುವುದೇ: ಯಾವುದರ ಬಲದಿಂದ ಆ ಪ್ರಾಣಿ ಬದುಕಿದೆಯೋ ಅದನ್ನೇ ಕಿತ್ತುಕೊಂಡು ಹೊಡೆಯಬೇಡ.

ಈ ಅಳತೆಗೋಲನ್ನು ನಮ್ಮ ಬಯಲಿಗೆ ತಂದು ನೋಡೋಣ. ತಿಪಟೂರು, ತುರುವೇಕೆರೆಯ ತೆಂಗಿನ ತೋಟಗಳ ನೆರಳು ದಾಟಿ ಉತ್ತರಕ್ಕೆ ಬಂದರೆ ನೆಲ ಬೋಳಾಗುತ್ತದೆ. ಜಾಲಿ, ತಂಗಡಿ, ಕಲ್ಲುಗುಡ್ಡ. ಬೋರನಕಣಿವೆಗೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು ದೂರವಲ್ಲ. 2019ರಲ್ಲಿ ಅದನ್ನು ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿದರು, ಸುಮಾರು 136 ಚದರ ಕಿಲೋಮೀಟರು. ತುಮಕೂರು ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು. ಅಲ್ಲಿ ಕೃಷ್ಣಮೃಗಗಳಿಗೆಂದು 798 ಎಕರೆಯ ಜಯಮಂಗಲಿ ಸಂರಕ್ಷಣಾ ಮೀಸಲು 2007ರಿಂದ ಇದೆ. ನಾವು ಇವನ್ನೆಲ್ಲ ಒಟ್ಟಿಗೆ ಜಿಂಕೆ ಅಂದುಬಿಡುತ್ತೇವೆ. ಪ್ರಾಣಿಶಾಸ್ತ್ರದವರು ಒಪ್ಪುವುದಿಲ್ಲ: ಚುಕ್ಕೆ ಜಿಂಕೆ, ಕಡವೆಗಳ ಕವಲುಗೊಂಬು ಉದುರಿ ಮತ್ತೆ ಬರುತ್ತದೆ, ಕೃಷ್ಣಮೃಗ, ಚಿಂಕಾರ, ಕೊಂಡುಕುರಿಗಳ ಕೊಂಬು ಹುಟ್ಟಿದ ಮೇಲೆ ಸಾಯುವವರೆಗೆ ಒಂದೇ. ಬೇಟೆಗಾರನಿಗೆ ಬೇಕಾದ ವ್ಯತ್ಯಾಸ ಬೇರೆ. ಕೃಷ್ಣಮೃಗದ ಬಂಡವಾಳ ಕಣ್ಣು ಮತ್ತು ಕಾಲು. ಬಯಲಿನಲ್ಲಿ ಅಡಗಲು ಜಾಗವಿಲ್ಲ. ದೂರದಿಂದ ಕಾಣಬೇಕು, ಕಂಡೊಡನೆ ಓಡಬೇಕು. ಕೊಂಡುಕುರಿ ಇದಕ್ಕೆ ತಿರುಗುಮುರುಗು, ಹುಲ್ಲಿನಲ್ಲಿ ಅಲುಗದೆ ನಿಲ್ಲುವುದೇ ಅದರ ಉಪಾಯ. ಚಿಂಕಾರ ನೀರಿಲ್ಲದೆ ಬಹಳ ದಿನ ತಡೆಯುತ್ತದೆ. ಕಡವೆಗೆ ಮೂಗು.

ಹಾಗಾದರೆ ಒಂದು ವಿಧಾನ ನ್ಯಾಯವೋ ಅಲ್ಲವೋ ಎಂಬುದು ಆಯುಧದ ಮೇಲೆ ಮಾತ್ರ ನಿಂತಿಲ್ಲ. ತಲೆಗೆ ಬ್ಯಾಟರಿ ಕಟ್ಟಿಕೊಂಡು ಬೈಕಿನಲ್ಲಿ ಬಂದವನು ಕೃಷ್ಣಮೃಗದ ಕಣ್ಣನ್ನೂ ಕಾಲನ್ನೂ ಒಂದೇ ಏಟಿಗೆ ಕಸಿಯುತ್ತಾನೆ. ಬೆಳಕಿಗೆ ಸಿಕ್ಕಿದ ಮಿಗ ಓಡುವುದಿಲ್ಲ, ನೋಡುತ್ತ ನಿಲ್ಲುತ್ತದೆ.

ಇದು ಹೊಸ ಜಗಳವೇನಲ್ಲ, ನಮ್ಮ ಹರಿಕಥೆಗಳಲ್ಲೇ ಇದೆ. ಶ್ರವಣಕುಮಾರನ ಕಥೆಯನ್ನು ನಾವು ತಂದೆತಾಯಿ ಭಕ್ತಿಗೆಂದು ಮಕ್ಕಳಿಗೆ ಹೇಳುತ್ತೇವೆ. ಬೇಟೆಯ ಕಣ್ಣಿನಿಂದ ಇನ್ನೊಮ್ಮೆ ಓದಿದರೆ ಅದು ಬೇರೆಯೇ ಕಥೆ. ವಾಲ್ಮೀಕಿಯಲ್ಲಿ ಯುವರಾಜ ದಶರಥ ಮಳೆಗಾಲದ ರಾತ್ರಿ ಸರಯೂ ದಡಕ್ಕೆ ಹೋದದ್ದು ನೀರು ಕುಡಿಯಲು ಬರುವ ಪ್ರಾಣಿಗೆ ಹೊಂಚು ಹಾಕಿ. ಕತ್ತಲು, ನೀರಿನ ದಡ, ಕಣ್ಣಿಗೆ ಕಾಣದ ಗುರಿ. ಕೊಡ ತುಂಬುವ ಸದ್ದನ್ನು ಆನೆಯದೆಂದುಕೊಂಡು ಬಾಣ ಬಿಟ್ಟ. ಶಬ್ದವೇಧಿ ಎಂದು ಹೆಮ್ಮೆಪಟ್ಟುಕೊಂಡಿದ್ದ ವಿದ್ಯೆಯೇ ಅವನಿಗೆ ಶಾಪ ತಂದಿತು. ನೀರಿಗೆ ಬಂದಿದ್ದು ಆನೆಯೇ ಆಗಿದ್ದರೆ ಅದನ್ನು ಯಾರೂ ಕಥೆ ಮಾಡುತ್ತಿರಲಿಲ್ಲ ಎಂಬುದೂ ನಿಜ.

ಪಾಂಡುವಿನದು ಇನ್ನೂ ನೇರವಾದ ಮೊಕದ್ದಮೆ. ಜಿಂಕೆಯ ರೂಪದಲ್ಲಿ ಕೂಡಿದ್ದ ಕಿಂದಮ ಋಷಿಯನ್ನು ಅವನು ಹೊಡೆದ. ಮಹಾಭಾರತದಲ್ಲಿ ಸಾಯುತ್ತಿರುವ ಮೃಗಕ್ಕೂ ಅರಸನಿಗೂ ವಾದವೇ ನಡೆಯುತ್ತದೆ. ಅರಸರು ಮೃಗಗಳನ್ನು ಎದುರಿಗೋ ಮರೆಯಲ್ಲೋ ಕೊಲ್ಲುವುದು ರೂಢಿ, ಅಗಸ್ತ್ಯನೂ ಬೇಟೆಯಾಡಿದ್ದ ಎಂದು ಪಾಂಡು ಪೂರ್ವನಿದರ್ಶನ ಒಡ್ಡುತ್ತಾನೆ. ಋಷಿಯ ಉತ್ತರ: ನೀನು ಮೃಗವನ್ನು ಕೊಂದೆ ಎಂದು ನಾನು ದೂರುವುದಿಲ್ಲ, ಕೂಡುವುದು ಮುಗಿಯುವ ತನಕ ಕಾಯಲಿಲ್ಲವಲ್ಲ, ಅದು ನನ್ನ ದೂರು. ಕೊಲೆಯನ್ನು ಒಪ್ಪಿ ಹೊತ್ತನ್ನು ಪ್ರಶ್ನಿಸುವ ಈ ವಾದಕ್ಕಿಂತ ಚೆನ್ನಾಗಿ ಯಾವ ಕ್ಲಬ್ಬಿನ ನಿಯಮಾವಳಿಯೂ ವಿಷಯವನ್ನು ಹೇಳಿಲ್ಲ.

ವಾಲಿಯ ಪ್ರಸಂಗವನ್ನೂ ಸೇರಿಸಬೇಕು, ಅದು ಎದುರು ಪಕ್ಷದ ಸಾಕ್ಷಿ. ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ವಾಲಿ ಕೇಳಿದಾಗ ರಾಮ ಕೊಡುವ ಸಮಾಧಾನಗಳಲ್ಲಿ ಒಂದು ಬೇಟೆಯದೇ: ಜನ ಬಲೆಯಿಂದ, ಪಾಶದಿಂದ, ಮರೆಯಿಂದ ಮೃಗಗಳನ್ನು ಹಿಡಿಯುತ್ತಾರೆ, ಬೆನ್ನು ತಿರುಗಿಸಿದ್ದನ್ನೂ ಹೊಡೆಯುತ್ತಾರೆ, ತಪ್ಪಿಲ್ಲ; ನೀನು ಶಾಖಾಮೃಗ. ಅಂದರೆ ಯುದ್ಧಕ್ಕೆ ಧರ್ಮವಿದೆ, ಬೇಟೆಗೆ ಇಲ್ಲ. ಓದಿದಾಗಲೆಲ್ಲ ನನಗೆ ವಾಲಿಯ ಪ್ರಶ್ನೆಯೇ ಗಟ್ಟಿ ಎನಿಸಿದೆ.

ಕನ್ನಡದ ಹಳೆಯ ಕವಿಗಳಿಗೆ ಬೇಟೆಯ ಒಳಮಾತು ಚೆನ್ನಾಗಿ ಗೊತ್ತಿತ್ತು. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಬೇಂಟೆಯ ವರ್ಣನೆ ವಿಸ್ತಾರವಾಗಿಯೇ ಬರುತ್ತದೆ. ಹಳಗನ್ನಡದಲ್ಲಿ ‘ದೀವ’ ಎಂಬ ಮಾತಿದೆ, ಆಮೇಲೆ ‘ದೀಹ’ ಆಯಿತು. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು, ಅದನ್ನು ನಂಬಿ ಹತ್ತಿರ ಬಂದ ಕಾಡಿನ ಜಿಂಕೆಯನ್ನು ಹೊಡೆಯುವುದು. ತನ್ನ ಜಾತಿಯದೇ ವಾಸನೆ, ತನ್ನ ಜಾತಿಯದೇ ನಡೆ, ಅನುಮಾನಪಡಲು ಏನಿದೆ? ಮೋಸಕ್ಕೆ ಪ್ರತ್ಯೇಕ ಹೆಸರಿಟ್ಟಿದ್ದಾರೆ ಎಂದರೆ ಅದು ಬೇರೆ ಬೇಟೆಗಿಂತ ಬೇರೆ ಎಂಬ ಅರಿವಾದರೂ ಇತ್ತು ಅನ್ನಬೇಕು.

ಇದಕ್ಕೆ ಎದುರಾಗಿ ಆತಕೂರಿನ ಕಲ್ಲು. ಕ್ರಿ.ಶ. 949–50ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಿಂದ ಮಣಲೇರ ಎಂಬ ವೀರ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರ ಬೆಟ್ಟದ ಪಕ್ಕ ಅದನ್ನು ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಲ್ಲಿನಲ್ಲಿ ನಾಯಿ ಹಂದಿ ಎರಡೂ ಮುಖಾಮುಖಿ ಇವೆ. ಕಾಡುಹಂದಿಗೆ ಕೋರೆಯಿದೆ, ತಿರುಗಿ ಬೀಳುತ್ತದೆ, ಅದಕ್ಕೇ ಆ ಬೇಟೆಗೆ ವೀರಗಲ್ಲು. ಜಿಂಕೆ ತಿರುಗಿ ಬೀಳುವುದಿಲ್ಲ. ಜಿಂಕೆ ಹೊಡೆದವನಿಗೆ ವೀರಗಲ್ಲು ಹಾಕಿದ್ದನ್ನು ನಾನು ಕಂಡಿಲ್ಲ.

ಬಯಲುಸೀಮೆಯ ಷಿಕಾರಿಯಲ್ಲಿ ದೀವಕ್ಕಿಂತ ಸುಲಭದ ಒಂದು ಉಪಾಯವಿತ್ತು, ಎತ್ತಿನ ಗಾಡಿ. ಹೊಲಗಳ ನಡುವೆ ದಿನವೂ ಗಾಡಿ ನೋಡುವ ಕೃಷ್ಣಮೃಗ ಅದಕ್ಕೆ ಹೆದರುತ್ತಿರಲಿಲ್ಲ. ದೊರೆಗಳು ಗಾಡಿಯ ಮರೆಯಲ್ಲಿ ನಡೆಯುತ್ತ, ಸುತ್ತು ಹಾಕುತ್ತ, ಸುತ್ತನ್ನು ಕಿರಿದು ಮಾಡುತ್ತ ಗುಂಡಿನ ಅಳತೆಗೆ ಬರುತ್ತಿದ್ದರು. ಬೇಟೆಗೆ ಪಳಗಿಸಿದ ಸಿವಂಗಿಯನ್ನೂ (ಚೀತಾ) ಕಣ್ಣಿಗೆ ಟೋಪಿ ಕಟ್ಟಿ ಗಾಡಿಯ ಮೇಲೆಯೇ ಒಯ್ಯುತ್ತಿದ್ದದ್ದು. ಟೋಪಿ ತೆಗೆದು ಬಿಟ್ಟ ಸಿವಂಗಿ ಕೆಲವು ನೂರು ಗಜದೊಳಗೆ ಹಿಡಿಯದಿದ್ದರೆ ಕೈಬಿಟ್ಟು ಕೂತುಬಿಡುತ್ತಿತ್ತು. ತಮಾಷೆಯೆಂದರೆ, ವಿಲಾಸದ ಪರಮಾವಧಿ ಎಂದು ನಾವು ಬೈಯುವ ಈ ಅರಸು ಬೇಟೆಯಲ್ಲಿ ಜಿಂಕೆಗೆ ಬದುಕುವ ಅವಕಾಶ ಗಾಡಿ ಮರೆಯ ಬಂದೂಕಿಗಿಂತ ಹೆಚ್ಚಿತ್ತು. ಆ ಸಿವಂಗಿಯ ಕಥೆ ಮುಗಿದದ್ದು ಹೇಗೆ ಗೊತ್ತಲ್ಲ. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ಅರಸ ರಾತ್ರಿ ಗಾಡಿಯಲ್ಲಿ ಹೋಗುತ್ತ, ದೀಪಕ್ಕೆ ಸಿಕ್ಕ ಮೂರನ್ನು ಹೊಡೆದ. ದೇಶದಲ್ಲಿ ಕೊನೆಯದಾಗಿ ದಾಖಲಾದ ಚೀತಾಗಳು ಅವು ಎಂಬುದೇ ವಾಡಿಕೆಯ ಮಾತು. ಸುದ್ದಿ ಪ್ರಕಟಿಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಪಾದಕರು ಛೀಮಾರಿಯನ್ನೂ ಜತೆಗೆ ಅಚ್ಚು ಹಾಕಿದರು.

ಮಲೆನಾಡಿನ ಕಥೆ ಬೇರೆ. ಅಲ್ಲಿ ಸೋವುಗಾರರು ಹಳು ನುಗ್ಗಿ ಕೂಗುತ್ತ ಎಬ್ಬಿಸುವುದು, ಬಿಲ್ಲಿಗೆ, ಅಂದರೆ ಕಾಯುವ ಜಾಗಕ್ಕೆ, ನಿಂತವರು ಹೊಡೆಯುವುದು. ಇಲ್ಲವೆ ಹಣ್ಣುದುರುವ ಮರದ ಮೇಲೆ ಮರಸು ಕೂರುವುದು. ಕುವೆಂಪು ಅವರ ಮಲೆನಾಡಿನ ಚಿತ್ರಗಳು, ಕೆದಂಬಾಡಿ ಜತ್ತಪ್ಪ ರೈಯವರ ಬೇಟೆಯ ನೆನಪುಗಳು ಓದಿದವರಿಗೆ ಇದನ್ನು ನಾನು ಹೇಳಬೇಕಿಲ್ಲ. ಗಾಯದ ಮಿಗವನ್ನು ಬಿಟ್ಟು ಮನೆಗೆ ಬರುವವನನ್ನು ಊರು ಹಗುರವಾಗಿ ನೋಡುತ್ತಿತ್ತು. ಸೋವಿನವರಿಗೆ ಪಾಲು, ನಾಯಿಗೂ ಪಾಲು. ಅದೂ ನ್ಯಾಯವೇ, ಆದರೆ ಬೇಟೆಗಾರರೊಳಗಿನ ನ್ಯಾಯ. ಮಿಗಕ್ಕೆ ಅದರಲ್ಲಿ ಪಾಲಿಲ್ಲ.

ಮಿಗದ ಪಾಲನ್ನು ಮೊದಲು ಬರೆದಿಟ್ಟದ್ದು ಕಾನೂನು. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನು ರಕ್ಷಣೆಯ ರೆಗ್ಯುಲೇಷನ್ ಬಂದಿತ್ತು. ಆದರೆ ನಾನು ಬೆರಗಿನಿಂದ ಓದಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ರೂಪವನ್ನು. ಆಗಿನ್ನೂ ಲೈಸೆನ್ಸಿನ ಮೇಲೆ ಬೇಟೆಗೆ ಅವಕಾಶವಿತ್ತು. ಅದರ 17ನೇ ಕಲಮು ಹೀಗೆಲ್ಲ ಮಾಡಕೂಡದು ಎಂದು ಒಂದೊಂದಾಗಿ ಹೇಳುತ್ತದೆ. ಮೋಟಾರು ಗಾಡಿಯಿಂದ ಹೊಡೆಯಕೂಡದು, ಗಾಡಿ ಬಿಟ್ಟು ಬೆದರಿಸಿ ಓಡಿಸಕೂಡದು. ಬಲೆ, ಉರುಳು, ಗುಂಡಿ, ವಿಷ, ಸಿಡಿಮದ್ದು ಕೂಡದು. ಕಾಡಿಗೆ ಬೆಂಕಿ ಇಡಕೂಡದು. ಹೊತ್ತು ಮುಳುಗಿದ ಮೇಲೆ ಮೂಡುವ ತನಕ ಕೂಡದು, ಕೃತಕ ಬೆಳಕು ಕೂಡದು. ನಾಯಿ ಬಿಡುವುದು ನೀರುಹಕ್ಕಿ, ಕವುಜುಗದಂಥವಕ್ಕೆ ಮಾತ್ರ. ಉಪ್ಪು ನೆಕ್ಕುವ ಜಾಗದಲ್ಲಿ, ನೀರು ಕುಡಿಯುವ ಜಾಗದಲ್ಲಿ, ಅಲ್ಲಿಗೆ ಹೋಗುವ ದಾರಿಯಲ್ಲೂ ಕೂಡದು. ಅದಕ್ಕೂ ಹಿಂದೆ 15ನೇ ಕಲಮು: ಮರಿ ಕೂಡದು, ಹೆಣ್ಣು ಕೂಡದು, ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮವಿರುವ ಎಳೆಗೊಂಬಿನ ಜಿಂಕೆ ಕೂಡದು.

ಬೋರನಕಣಿವೆಯ ತಾತನ ಅಪ್ಪ ಹೇಳಿದ್ದೇ ದೆಹಲಿಯಲ್ಲಿ ಅಚ್ಚಾಗಿತ್ತು. ಒಂದು ವಿನಾಯಿತಿ ಮಾತ್ರ ಕಣ್ಣಿಗೆ ಚುಚ್ಚುತ್ತದೆ: ಕೊಂದ ಪ್ರಾಣಿಯ ಬಳಿ ಬರುವ ಮಾಂಸಾಹಾರಿಗೆ, ವಿಶೇಷ ಅನುಮತಿಯಿದ್ದರೆ, ಬೆಳಕು ಬಳಸಬಹುದಿತ್ತು. ಮಾಂಸಾಹಾರಿ ಅಂದಾಗ ನಿಯಮ ಸಡಿಲ. ಅಟ್ಟಣೆಯ ಷಿಕಾರಿಗಳ ಕೈ ಕರಡಿನ ಮೇಲೂ ಇತ್ತೆನಿಸುತ್ತದೆ.

ಇಲ್ಲೇ ಇನ್ನೊಂದು ಆಕ್ಷೇಪ ಏಳುತ್ತದೆ, ಅದನ್ನು ಹಾರಿಸಿ ಹೋಗುವಂತಿಲ್ಲ. ಈ ನ್ಯಾಯವನ್ನು ಬರೆದವರು ಯಾರು? ರೈಫಲ್ಲು, ರಜೆ, ಲೈಸೆನ್ಸಿಗೆ ಹಣ ಇದ್ದವರು. ಅವರು ಹೊಡೆದರೆ ಷಿಕಾರಿ. ಉರುಳು ಹಾಕಿ ಮೊಲವೋ ಜಿಂಕೆಯೋ ಹಿಡಿದು ಮಕ್ಕಳಿಗೆ ಬೇಯಿಸಿಹಾಕಿದವನು ಕಳ್ಳಬೇಟೆಗಾರ. ಉರುಳು ಅನ್ಯಾಯವೆಂದು ಹೇಳುವುದು ಸುಲಭ, ಏಕೆಂದರೆ ಉರುಳು ಬಡವನ ಬಂದೂಕು. ಬ್ರಿಟಿಷರ ಕಾಲದ ಬೇಟೆಯ ಬಗ್ಗೆ ಬರೆದ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ, ಅವರು ಹೇಳಿದ್ದು ಸರಿ. ಹೊಟ್ಟೆಪಾಡಿನವನಿಗೆ ಮಿಗಕ್ಕೆ ಅವಕಾಶ ಕೊಡು ಎನ್ನುವುದು, ಮೀನು ಹಿಡಿಯುವವನಿಗೆ ಬಲೆಯಲ್ಲಿ ತೂತು ಬಿಡು ಅಂದ ಹಾಗೆ.

ಆದರೂ ಉರುಳಿನ ಪರವಾಗಿ ನನ್ನಿಂದ ವಾದಿಸಲಾಗುವುದಿಲ್ಲ, ಅದಕ್ಕೆ ಕಾರಣ ಜಿಂಕೆಗೆ ಅವಕಾಶ ಸಿಕ್ಕಿತೋ ಇಲ್ಲವೋ ಎಂಬುದಲ್ಲ. ಉರುಳಿಗೆ ಕಣ್ಣಿಲ್ಲ. ಗಬ್ಬದ ಹೆಣ್ಣೋ, ಹಾಲು ಕುಡಿವ ಮರಿಯೋ, ಪಕ್ಕದ ಮನೆಯ ಆಡೋ, ಚಿರತೆಯೋ, ಯಾವುದನ್ನೂ ಅದು ಆರಿಸುವುದಿಲ್ಲ. ಹಾಕಿದವನು ಮರೆತರೂ ಅದು ಮರೆಯುವುದಿಲ್ಲ. ಆ ಬೆಳಿಗ್ಗೆ ಹೆಜ್ಜೆಗಳ ಜಾಡು ಹಿಡಿದು ಮೇಲಕ್ಕೆ ಹೋದಾಗ, ಎರಡು ಜಾಲಿ ಬುಡದ ನಡುವೆ ಮೊಳಕಾಲೆತ್ತರಕ್ಕೆ ಒಂದು ಕುಣಿಕೆ ಸಿಕ್ಕಿತು. ಬೈಕಿನ ಕ್ಲಚ್ ವೈರು. ಮಸಿ ಹಚ್ಚಿ ಹೊಳಪು ತೆಗೆದಿದ್ದರು. ಜಾಡು ಅದಕ್ಕೆ ಎರಡು ಮಾರು ಮುಂಚೆ ಪಕ್ಕಕ್ಕೆ ತಿರುಗಿತ್ತು. ಜಾಲಿಯ ತೊಗಟೆ ಮಾತ್ರ ಸುತ್ತಲೂ ಸವೆದಿತ್ತು: ಹಿಂದೆ ಯಾವಾಗಲೋ ಒಂದು ಪ್ರಾಣಿ ಬಹಳ ಹೊತ್ತು ಎಳೆದಾಡಿದೆ. ತಾತ ವೈರನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ‘ಆಡು ಕಟ್ಟಕ್ಕಾಯ್ತದೆ.’

ನೋವಿನ ಲೆಕ್ಕ ಹಿಡಿದರೆ ‘ಅವಕಾಶ ಕೊಡುವ’ ಬೇಟೆಯೂ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ದೂರ ಹೆಚ್ಚಿದಷ್ಟೂ, ಆಯುಧ ಹಳೆಯದಾದಷ್ಟೂ, ಮಿಗ ಓಡುತ್ತಿದ್ದಷ್ಟೂ ಗುರಿ ತಪ್ಪುತ್ತದೆ; ಹೊಟ್ಟೆಗೆ ಬಿದ್ದ ಏಟು ಹೊತ್ತುಕೊಂಡು ಓಡಿದ ಜಿಂಕೆ ಎಲ್ಲೋ ಹೋಗಿ ಎರಡು ದಿನಕ್ಕೆ ಸಾಯುತ್ತದೆ. ನಿಂತ ಮಿಗದ ಎದೆಗೆ, ಹತ್ತಿರದಿಂದ, ಬೆಳಕಿನಲ್ಲಿ ಹೊಡೆದ ಗುಂಡಿಗೆ ಅಲ್ಲೇ ಬೀಳುತ್ತದೆ. ಯಾವುದು ದಯೆ? ಪಶ್ಚಿಮದ ಬೇಟೆಗಾರರು ಇದಕ್ಕೆ ಇನ್ನೂ ಒಂದೇ ಉತ್ತರಕ್ಕೆ ಬಂದಿಲ್ಲ. ಬಿಲ್ಲುಬಾಣವೇ ಶ್ರೇಷ್ಠವೆನ್ನುವವರು ಒಂದು ಕಡೆ, ಒಂದೇ ಈಡಿಗೆ ಕೆಡವಲಾಗದವನು ಕಾಡಿಗೆ ಬರಬಾರದು ಅನ್ನುವವರು ಇನ್ನೊಂದು ಕಡೆ. ಜಿಂಕೆಯ ಓಡಾಟವನ್ನು ಮನೆಯಲ್ಲೇ ಕೂತು ನೋಡಲು ಮರಕ್ಕೆ ಕ್ಯಾಮೆರಾ ಕಟ್ಟುವುದು ಹೆಚ್ಚಾದಾಗ ಅರಿಜೋನಾ ರಾಜ್ಯ 2022ರಿಂದ ಬೇಟೆಗೆ ಅದನ್ನು ನಿಷೇಧಿಸಿತು. ಅಲ್ಲಿನ ಕ್ಯಾಮೆರಾಗಳೂ ಹೆಚ್ಚಾಗಿ ನೀರಿನ ಬಳಿಯೇ ಇದ್ದವು. ಒಣ ನಾಡು, ನೀರು ಕಡಿಮೆ, ಬರದೆ ವಿಧಿಯಿಲ್ಲ. ನಮ್ಮ ಕಣಿವೆಯದೇ ಕಥೆ.

ನಮ್ಮಲ್ಲಿ ಈ ವಾದ 1991ಕ್ಕೆ ಮುಗಿಯಿತೆಂದು ತಿಳಿಯಲಾಯಿತು. ಆ ವರ್ಷದ ತಿದ್ದುಪಡಿ ಲೈಸೆನ್ಸಿನ ಬೇಟೆಯನ್ನು ಪೂರ್ತಿ ಕಿತ್ತುಹಾಕಿತು, ಜತೆಗೆ 17ನೇ ಕಲಮೂ ಹೋಯಿತು. ಬೇಟೆಯೇ ಇಲ್ಲದ ಮೇಲೆ ಬೇಟೆಯ ರೀತಿನೀತಿ ಏಕೆ? ನಿಷೇಧ ಸರಿಯೇ, ಉಳಿದಿರುವ ಜಿಂಕೆಗಳನ್ನು ನೋಡಿದವರು ಬೇರೆ ಮಾತಾಡಲಾರರು. ಕೃಷ್ಣಮೃಗ, ಚಿಂಕಾರಗಳು ಮೊದಲನೇ ಅನುಸೂಚಿಯಲ್ಲಿವೆ, ಕೊಂದವರಿಗೆ 3ರಿಂದ 7 ವರ್ಷ ಜೈಲು. ಆದರೆ ಯಾವುದು ಮಾಡಬಾರದ್ದು ಎಂದು ಹೇಳುವ ನಾಲಿಗೆಯೂ ಆ ಕಲಮಿನ ಜತೆಗೇ ಮೂಕವಾಯಿತು. ಈಗ ಎಲ್ಲವೂ ಒಂದೇ ಅಪರಾಧ. ಕದ್ದು ಹೊಡೆಯುವವನು ಸಹಜವಾಗಿಯೇ ಅತಿ ಸುಲಭದ, ಅತಿ ಕೆಟ್ಟ ದಾರಿಯನ್ನೇ ಹಿಡಿಯುತ್ತಾನೆ: ರಾತ್ರಿ, ಬೆಳಕು, ನೀರು, ಉರುಳು. 17ನೇ ಕಲಮಿನ ಪಟ್ಟಿಯನ್ನು ಇಂದಿನ ಕಳ್ಳಬೇಟೆಯ ಕೈಪಿಡಿಯಂತೆ ಓದಬಹುದು.

ರೈತರ ಮಾತನ್ನೂ ಕೇಳಬೇಕು. ಕಡಲೆಕಾಯಿ ಹೊಲಕ್ಕೆ ಕೃಷ್ಣಮೃಗದ ಹಿಂಡು, ರಾಗಿಗೆ ಹಂದಿ, ಎಳನೀರಿಗೆ ಕೋತಿ. ಮೊದಲನೇ ಅನುಸೂಚಿಯಲ್ಲಿಲ್ಲದ ಪ್ರಾಣಿ ಬೆಳೆಗೆ ಮುಳುವಾದರೆ ಅದನ್ನು ಕೊಲ್ಲಲು ಅನುಮತಿ ಕೊಡುವ ಅವಕಾಶ ಕಾಯ್ದೆಯ 11ನೇ ಕಲಮಿನಲ್ಲಿ ಈಗಲೂ ಇದೆ. ಬಿಹಾರದಲ್ಲಿ ನೀಲಗಾಯಿಯನ್ನು ಹಾವಳಿ ಪ್ರಾಣಿಯೆಂದು ಸಾರಿ, 2016ರಲ್ಲಿ ಮೊಕಾಮಾದಲ್ಲಿ ಹೈದರಾಬಾದಿನಿಂದ ಬಂದ ಬಂದೂಕುಗಾರರು ಇನ್ನೂರಕ್ಕೂ ಹೆಚ್ಚನ್ನು ಹೊಡೆದುಹಾಕಿದರು. ಕೇಂದ್ರದ ಮಂತ್ರಿಗಳೇ ಪರಸ್ಪರ ಕಿತ್ತಾಡಿದರು. ಹೊಡೆಯಬೇಕೇ ಬೇಡವೇ ಎಂದು ಎಲ್ಲರೂ ಕೇಳಿದರು. ಹೇಗೆ, ಯಾವ ಹೊತ್ತಿನಲ್ಲಿ, ಹೆಣ್ಣೋ ಗಂಡೋ, ಗಾಯಗೊಂಡದ್ದನ್ನು ಯಾರು ಹುಡುಕಿದರು ಎಂದು ಕೇಳಿದವರು ಕಡಿಮೆ. ಕೇಳುವ ಭಾಷೆಯನ್ನು ನಾವು ಕಾಯ್ದೆಯಿಂದ ಅಳಿಸಿದ್ದೆವಲ್ಲ.

ಕರೆಂಟ್ ಬೇಲಿಯ ಬಗ್ಗೆ ಒಂದೇ ಮಾತು. ಲೈನಿಗೆ ಕೊಕ್ಕೆ ಹಾಕಿ ಬೇಲಿಗೆ ಬಿಟ್ಟ ಕರೆಂಟು ಉರುಳಿಗಿಂತಲೂ ಕುರುಡು. ಹಂದಿಗೆ ಹಾಕಿದ್ದು ಮನುಷ್ಯರನ್ನೇ ಕೊಂದಿರುವ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ.

ಬಂದೂಕು ಕೆಳಗಿಟ್ಟು ಕ್ಯಾಮೆರಾ ಹಿಡಿದವರಲ್ಲಿ ನಮಗೆಲ್ಲ ನೆನಪಾಗುವುದು ತೇಜಸ್ವಿ. ಅವರಿಗೆ ತಾಸುಗಟ್ಟಲೆ ಮರೆಯಲ್ಲಿ ಕೂರುವ ತಾಳ್ಮೆಯಿತ್ತು, ಅದು ಬೇಟೆಯಿಂದಲೇ ಬಂದದ್ದಿರಬೇಕು. ಈಗಿನ ಭಾನುವಾರದ ಕ್ಯಾಮೆರಾಗಳಿಗೆ ಆ ಪುರುಸೊತ್ತಿಲ್ಲ. ಹುಲ್ಲುಗಾವಲಿಗೆ ಕಾರು ಇಳಿಸಿ, ಕೃಷ್ಣಮೃಗ ನೆಗೆಯುವ ಚಿತ್ರ ಬೇಕೆಂದು ಹಿಂಡಿನ ಬೆನ್ನು ಹತ್ತುವವರನ್ನು ನಾನೇ ಕಂಡಿದ್ದೇನೆ. ಗುಂಡು ಹಾರಲಿಲ್ಲ, ನಿಜ. ಆದರೆ ಬಿಸಿಲಿನಲ್ಲಿ ಸುಮ್ಮನೆ ಓಡಿದ ಗಬ್ಬದ ಹೆಣ್ಣಿಗೆ, ಹುಲ್ಲಿನಲ್ಲಿ ಅಡಗಿಸಿಟ್ಟ ಮರಿಯಿಂದ ದೂರವಾದ ತಾಯಿಗೆ, ಹಿಂದಿನಿಂದ ಬಂದದ್ದು ಬಂದೂಕೋ ಕ್ಯಾಮೆರಾವೋ ಗೊತ್ತಾಗುವುದಿಲ್ಲ. ಗಾಡಿಯಿಂದ ಬೆದರಿಸಿ ಓಡಿಸಕೂಡದು ಎಂದು ಹಳೆಯ ಕಲಮು ಹೇಳಿದ್ದು ಇದನ್ನೇ. ಊರಿನ ಬೀದಿನಾಯಿಗಳು ಹಿಂಡು ಕಟ್ಟಿಕೊಂಡು ಮರಿ ಹಿಡಿಯುವುದೂ ಇದೇ ಬಯಲಿನಲ್ಲಿ. ಅದಕ್ಕೆ ನಾಯಿಯನ್ನಲ್ಲ, ಊರಾಚೆ ಕೋಳಿ ಅಂಗಡಿಯ ಕಸ ಸುರಿಯುವ ನಮ್ಮನ್ನೇ ಕೇಳಬೇಕು.

ಚಿತ್ರದುರ್ಗದ ಕಡೆ ಕೆಲವು ದೇವಸ್ಥಾನಗಳಲ್ಲಿ ಸಂಕ್ರಾಂತಿ ಹೊತ್ತಿಗೆ ಕಾಡಿನ ಮೊಲವನ್ನು ಜೀವಂತ ಹಿಡಿದು ತಂದು, ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುವ ಪದ್ಧತಿ ಇದೆ. ಅದಕ್ಕೂ ಕಾಯ್ದೆಯ ತಕರಾರು ಉಂಟು, ಮೊಲಕ್ಕೆ ಗಾಬರಿಯೂ ಉಂಟು. ಆದರೂ ಹಿಡಿದದ್ದನ್ನು ಬಿಡಬಹುದು ಎಂದು ಯಾವಾಗಲೋ ಯಾರಿಗೋ ತೋಚಿತ್ತಲ್ಲ ಎಂದು ನಾನು ಆಗಾಗ ಯೋಚಿಸುತ್ತೇನೆ.

ಈ ಬೇಸಿಗೆಯಲ್ಲಿ ಬೋರನಕಣಿವೆಗೋ ನಿಮ್ಮೂರ ಕೆರೆಗೋ ಹೋದವರು ನೀರಿಗಿಳಿಯುವ ದಾರಿಯಲ್ಲಿ, ಬೇಲಿಯ ಸಂದಿಯಲ್ಲಿ, ಜಾಲಿ ಬುಡದಲ್ಲಿ ಒಂದು ಸಲ ಕಣ್ಣಾಡಿಸಿ. ಕ್ಲಚ್ ವೈರಿನ ಕುಣಿಕೆ ಕಂಡರೆ ತಾತನ ಹಾಗೆ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಬೇಡಿ. ಇದ್ದ ಹಾಗೆಯೇ ಫೋಟೋ ತೆಗೆದು, ಜಾಗದ ಗುರುತು ಇಟ್ಟುಕೊಂಡು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಬರುವ ತನಕ ಅಲ್ಲೇ ಇರಿ.